ಸೊರಬದಲ್ಲಿ ಸೀಲ್ ಮಾಡಿದ ಕೋಣೆ

2022ರಲ್ಲಿ ನಾನು ಜಿಲ್ಲೆಯ ಹೊರಗಿನ ಒಂದು ದೊಡ್ಡ ಆಸ್ಪತ್ರೆಯ ಕಿಡ್ನಿ ಕಸಿ ವಿಭಾಗದಲ್ಲಿ ಸೋಂಕು ನಿಯಂತ್ರಣದ ನರ್ಸ್ ಆಗಿದ್ದೆ. ನಮ್ಮ ಮನೆ ಶಿಕಾರಿಪುರದಲ್ಲಿ ಇದ್ದದ್ದರಿಂದ ಶಿಕಾರಿಪುರ, ಸೊರಬ ಕಡೆಯ ರೋಗಿಗಳ ಮನೆ ತಪಾಸಣೆಯೆಲ್ಲ ನನ್ನ ಪಾಲಿಗೇ ಬರುತ್ತಿತ್ತು. ಕಸಿ ಮಾಡಿಸಿಕೊಂಡವರು ಮನೆಗೆ ಹೋಗುವ ಮೊದಲು ಆ ಮನೆಯ ನೀರು, ಬಚ್ಚಲು, ಸಾಕುಪ್ರಾಣಿ, ಗೋಡೆ ಎಲ್ಲವನ್ನೂ ನೋಡಿ, ಇರಲು ಯೋಗ್ಯವೋ ಅಲ್ಲವೋ ಎಂದು ವೈದ್ಯರಿಗೆ ಹೇಳುವುದು ನನ್ನ ಕೆಲಸ. ಇಷ್ಟು ವರ್ಷದ ನರ್ಸ್ ಕೆಲಸದಲ್ಲಿ ಕುಡಿದು ಬಂದವರನ್ನು ನೋಡಿದ್ದೇನೆ, ಹೆಣದ ಮುಂದೆ ಡಾಕ್ಟರ ಕಾಲರ್ ಹಿಡಿದವರನ್ನು ಬಿಡಿಸಿದ್ದೇನೆ. ಆದರೆ ನಾನೇ ಏಟು ತಿಂದದ್ದು ಒಂದೇ ಸಲ. ಅದೂ ಆಸ್ಪತ್ರೆಯಲ್ಲಲ್ಲ, ಸೊರಬದ ಒಬ್ಬ ಮರ್ಯಾದಸ್ಥರ ಮನೆಯಲ್ಲಿ, ಬೂಷ್ಟು ತೆಗೆಸಲು ಹೋದಾಗ.

ರೋಗಿಯ ಹೆಸರು ಸುಮಂಗಲಾ. ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಗಂಡ ಚನ್ನವೀರಪ್ಪ ಸೊರಬದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ, ಮೂರು ಮಾತಿಗೆ ಒಂದು ಮಾತಾಡುವ ಮನುಷ್ಯ. ಸುಮಂಗಲಾಗೆ ಎರಡೂ ಕಿಡ್ನಿ ಕೆಟ್ಟು, ಬಹಳ ಕಾಲ ಡಯಾಲಿಸಿಸ್ ಮೇಲೆ ಇದ್ದು, ಕೊನೆಗೆ ತಮ್ಮ ರುದ್ರೇಶ ತನ್ನ ಎಡ ಕಿಡ್ನಿ ಕೊಟ್ಟ. ರುದ್ರೇಶ ಈಸೂರಿನಲ್ಲಿ ಬೇಸಾಯ ಮಾಡುತ್ತಿದ್ದವನು. ಚಿಕ್ಕಂದಿನಲ್ಲೇ ತಾಯಿ ತೀರಿಹೋಗಿದ್ದರಿಂದ ಅವನಿಗೆ ಅನ್ನ ಕಲಸಿ ಉಣ್ಣಿಸಿ ಬೆಳೆಸಿದವಳು ಅಕ್ಕನೇ. ಆಪರೇಷನ್ನಿಗೆ ಮೊದಲು ನಾನು ಅವನಿಗೆ ಅಪಾಯಗಳನ್ನು ವಿವರಿಸುತ್ತಿದ್ದಾಗ ನಡುವೆಯೇ ಕೈ ಅಡ್ಡ ಮಾಡಿ, "ಸಿಸ್ಟರ್, ನೀವು ಸುಮ್ನೆ ಉಸಿರು ಹಾಳು ಮಾಡ್ಕೋಬ್ಯಾಡ್ರಿ. ಎರಡೂ ಬೇಕಂದ್ರೂ ತಗೊಳ್ರಿ," ಅಂದಿದ್ದ. ಒಳ್ಳೆಯವನು. ಆದರೆ ಸಿಟ್ಟು ಮೂಗಿನ ತುದಿಯಲ್ಲೇ. ವಾರ್ಡಿನಲ್ಲಿ ಅಕ್ಕನಿಗೆ ಊಟ ತಡವಾಯಿತೆಂದು ಕ್ಯಾಂಟೀನಿನವನ ಮೇಲೆ ತಟ್ಟೆ ಎಸೆದಿದ್ದ. ಕೇಳಿದರೆ, "ನಾವು ಈಸೂರಿನವರು ಸಿಸ್ಟರ್, ಬ್ರಿಟಿಷರಿಗೇ ಬಗ್ಗಲಿಲ್ಲ," ಎಂದು ನಕ್ಕ.

ಕಸಿ ಮಾಡಿದ ಕಿಡ್ನಿಯನ್ನು ದೇಹ ಹೊರಗಿನದೆಂದು ತಿಳಿದು ಹೊಡೆದುಹಾಕದಿರಲೆಂದು ರೋಗಿಗೆ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವ ಮಾತ್ರೆ ಕೊಡುತ್ತಾರೆ. ಊರಿನ ಪೊಲೀಸರನ್ನೆಲ್ಲ ರಜೆ ಮೇಲೆ ಕಳಿಸಿದ ಹಾಗೆ. ನಮಗೆ ನಿಮಗೆ ಒಂದು ಸೀನು ತರಿಸುವ ಬೂಷ್ಟಿನ ಧೂಳು ಇಂಥವರ ಶ್ವಾಸಕೋಶದಲ್ಲಿ ಬೇರು ಬಿಟ್ಟು ಕೊಂದೇ ಹಾಕಬಹುದು. ಆಸ್ಪರ್ಜಿಲಸ್ ಎಂದು ಆ ಶಿಲೀಂಧ್ರದ ಹೆಸರು. ಗೋಡೆಯ ಮೇಲೆ ಅದು ಸುಮ್ಮನೆ ಕುಳಿತಿರುವಷ್ಟು ಹೊತ್ತು ಅಷ್ಟೇನೂ ಅಪಾಯವಿಲ್ಲ. ಅದನ್ನು ಕೆರೆದಾಗ, ಬಡಿದಾಗ, ಅದರ ಕಣಗಳು ಹೊಗೆಯಂತೆ ಎದ್ದು ಮನೆಯೆಲ್ಲ ತುಂಬುತ್ತವೆ. ಹಾಗಾಗಿ ಬೂಷ್ಟು ತೆಗೆಯುವುದಕ್ಕಿಂತ ತೆಗೆಯುವಾಗ ಅದನ್ನು ಅಲ್ಲೇ ಹಿಡಿದಿಡುವುದೇ ದೊಡ್ಡ ಕೆಲಸ.

ಸುಮಂಗಲಾ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಕೆಲವು ಕಾಲ ಶಿಕಾರಿಪುರದಲ್ಲಿ ಬಾಡಿಗೆಗೆ ಹಿಡಿದ ಒಂದು ಮಹಡಿ ಮನೆಯಲ್ಲಿ ಇದ್ದಳು. ಅದು ನಮ್ಮ ಮನೆಗೆ ಹತ್ತಿರ, ಹೀಗಾಗಿ ನಾನೇ ಆಗಾಗ ಹೋಗಿ ನೋಡಿ ಬರುತ್ತಿದ್ದೆ. ಮಳೆಗಾಲ ಕಳೆದ ಮೇಲೆ ಅವಳು ಸೊರಬದ ಸ್ವಂತ ಮನೆಗೆ ಹೋಗುವುದೆಂದು ಗೊತ್ತಾಯಿತು. ನಾನು ತಪಾಸಣೆಗೆ ಹೋದೆ.

ಹೊಸ ಬಡಾವಣೆಯಲ್ಲಿ ತಾರಸಿ ಮನೆ. ನೆಲಕ್ಕೆ ಹೊಳೆಯುವ ಟೈಲ್ಸ್, ಮೇಲೆ ಪಿಒಪಿ ಸೀಲಿಂಗ್. ಅಡುಗೆಮನೆ, ದೇವರ ಕೋಣೆ ಎಲ್ಲ ಕನ್ನಡಿಯಂತಿದ್ದವು. ಅತ್ತೆ ಪಾರ್ವತಮ್ಮ ನನ್ನನ್ನು "ನರ್ಸಮ್ಮ" ಎಂದು ಕರೆದು ಕಾಫಿ ಕೊಟ್ಟು, "ಸೊಸೆ ಬರ್ತಾಳೆ ಅಂತ ನಾನೇ ಮೂಲೆಮೂಲೆ ಒರೆಸಿದೀನಿ ನೋಡಿ," ಅಂದರು. ದಂಪತಿಗಳ ಮಲಗುವ ಕೋಣೆ ಮಾತ್ರ ಮುಚ್ಚಿತ್ತು. ಹೆಂಡತಿ ಆಸ್ಪತ್ರೆ ಸೇರಿದಂದಿನಿಂದ ಚನ್ನವೀರಪ್ಪ ಹಾಲಿನಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದನಂತೆ. ಬಾಗಿಲು ತೆರೆದ ಕೂಡಲೇ ನನ್ನ ಮೂಗು ಹೇಳಿಬಿಟ್ಟಿತು. ಗೋಡೆಗೆ ಸೇರಿಸಿ ಕೂರಿಸಿದ್ದ ಪ್ಲೈವುಡ್ ವಾರ್ಡ್‌ರೋಬ್ ಬಾಗಿಲು ಎಳೆದು ತೆರೆದರೆ ಒಳಗಿನ ರೇಷ್ಮೆ ಸೀರೆಗಳ ಮೇಲೆ ಬಿಳಿ ಬಿಳಿ ಚುಕ್ಕೆ. ಹಿಂದಿನ ಹಲಗೆ ಒತ್ತಿದರೆ ಬೆರಳು ಒಳಗೆ ಹೋಯಿತು. ಟಾರ್ಚ್ ಹಾಕಿ ನೋಡಿದೆ. ಹಲಗೆಯ ಹಿಂದೆ ಗೋಡೆಯೇ ಕಾಣಲಿಲ್ಲ, ನೆಲದಿಂದ ಸೀಲಿಂಗ್‌ವರೆಗೆ ಕಪ್ಪು, ಹಸಿರು ಬೂಷ್ಟು. ಪಕ್ಕದ ಬಾತ್‌ರೂಮಿನ ಪೈಪು ಗೋಡೆಯೊಳಗೇ ಸೋರಿ ತಿಂಗಳುಗಟ್ಟಲೆ ಅದಕ್ಕೆ ನೀರು ಕುಡಿಸಿತ್ತು. ಇನ್ನೆರಡು ವಾರಕ್ಕೆ ಸುಮಂಗಲಾ ಈ ಹಲಗೆಗೆ ತಲೆ ಮಾಡಿ ಮಲಗುವವಳಿದ್ದಳು.

ಚನ್ನವೀರಪ್ಪ ಬಗ್ಗಿ ನೋಡಿ, "ಫ್ಯಾನ್ ಹಾಕಿ ಒಣಗಿಸಿ ಸುಣ್ಣ ಹೊಡೆಸಿಬಿಡ್ಲಾ ಸಿಸ್ಟರ್?" ಎಂದು ಸ್ವಿಚ್ಚಿಗೆ ಕೈ ಚಾಚಿದ. ನಾನು ಅವನ ಕೈಯನ್ನೇ ಹೊಡೆದು ತೆಗೆದೆ. ಫ್ಯಾನ್ ಹಾಕಿದ್ದರೆ ಆ ಧೂಳು ಅಡುಗೆಮನೆಯ ಅಕ್ಕಿ ಡಬ್ಬಿಯವರೆಗೆ ಹೋಗುತ್ತಿತ್ತು. "ಈ ಕೋಣೆ ಪೂರ್ತಿ ಸೀಲ್ ಮಾಡ್ಬೇಕು. ಇದು ಮುಗಿಯೋವರೆಗೆ ಸುಮಂಗಲಾ ಈ ಮನೆಗೆ ಕಾಲಿಡೋ ಹಾಗಿಲ್ಲ," ಅಂದೆ. ಅವನು ತಲೆಯಾಡಿಸಿ ಒಂದೇ ಒಂದು ಬೇಡಿಕೆ ಇಟ್ಟ. "ಅವಳಿಗೆ ಹೇಳೋದು ಬೇಡ ಸಿಸ್ಟರ್. ಮೊದಲೇ ಹೆದರ್ಕೊಂಡಿದಾಳೆ. ಸಣ್ಣ ರಿಪೇರಿ ಅಂತೀನಿ." ಹೆಂಡತಿಯ ಮೇಲಿನ ಪ್ರೀತಿಯಿಂದಲೇ ಅಂದ ಮಾತದು. ನನಗೂ ಸರಿ ಎನಿಸಿತು.

ಶಿಕಾರಿಪುರದಿಂದ ಪೇಂಟರ್ ಹಾಲೇಶನನ್ನು ಕರೆಸಿದೆ. ಆಸ್ಪತ್ರೆಯ ಗೋಡೆ ಕೆಲಸಗಳಲ್ಲಿ ನನ್ನ ಜೊತೆ ಪಳಗಿದವನು, ಬಾಯಿ ಸ್ವಲ್ಪ ಜಾಸ್ತಿ, ಕೈ ಅಚ್ಚುಕಟ್ಟು. ಕೋಣೆಯ ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟಿ ಸುತ್ತಲೂ ಟೇಪ್ ಹಚ್ಚಿದೆವು. ಒಳಗೆ ಹೋಗಿಬರಲು ಅದರಲ್ಲೇ ಒಂದು ಜಿಪ್. ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಅದರ ಬಾಯಿಗೆ ಫಿಲ್ಟರ್ ಕಟ್ಟಿ ಗಾಳಿಯನ್ನು ಹೊರಗೆ ಎಳೆಯುವಂತೆ ಮಾಡಿದೆವು. ಹಾಗೆ ಮಾಡಿದಾಗ ಕೋಣೆಯೊಳಗಿನ ಒತ್ತಡ ಕಡಿಮೆಯಾಗಿ ಗಾಳಿ ಮನೆಯಿಂದ ಕೋಣೆಗೆ ಹೋಗುತ್ತದೆಯೇ ಹೊರತು ಕೋಣೆಯಿಂದ ಮನೆಗೆ ಬರುವುದಿಲ್ಲ. ಪ್ಲಾಸ್ಟಿಕ್ ಹಾಳೆ ಒಳಮುಖವಾಗಿ ಹೊಟ್ಟೆ ಎಳೆದುಕೊಂಡರೆ ಕೆಲಸ ಸರಿಯಾಗಿದೆ ಎಂದರ್ಥ. ಒಳಗೆ ಹೋಗುವವರಿಗೆ ತಲೆಯಿಂದ ಕಾಲಿನವರೆಗೆ ಬಿಳಿ ಸೂಟು, ಎನ್95 ಮಾಸ್ಕ್, ಕನ್ನಡಕ. ಫೋನ್ ಒಳಗೆ ಒಯ್ಯುವಂತಿಲ್ಲ, ಅದರ ಮೇಲೂ ಧೂಳು ಕೂರುತ್ತದೆ. ಮೊದಲು ಔಷಧಿ ಬೆರೆಸಿದ ನೀರು ಸಿಂಪಡಿಸಿ ಬೂಷ್ಟನ್ನು ಒದ್ದೆ ಮಾಡಬೇಕು, ಆಮೇಲೆ ಕೆರೆಯಬೇಕು. ಒಣ ಬೂಷ್ಟಿಗೆ ಕೈ ಹಚ್ಚಬಾರದು.

ಹಾಸಿಗೆ, ದಿಂಬು, ಸುಮಂಗಲಾಳ ಸೀರೆ, ಬ್ಲೌಸು, ಸ್ವೆಟರ್, ಮದುವೆಯಲ್ಲಿ ತವರಿನವರು ಕೊಟ್ಟ ಕಂಬಳಿ ಯಾವುದೂ ಉಳಿಸುವಂತಿರಲಿಲ್ಲ. ಕವರುಗಳಿಗೆ ತುಂಬಿ ಬಾಯಿ ಕಟ್ಟಿ, ಕಸದ ಗಾಡಿ ಬರಲೆಂದು ಗೇಟಿನ ಆಚೆ ಇಡಿಸಿದೆ. ಹಾಸಿಗೆ ಕವರಿಗೆ ಹಿಡಿಸದೆ ಪ್ಲಾಸ್ಟಿಕ್ ಸುತ್ತಿಸಿ ಗೋಡೆಗೆ ಒರಗಿಸಿದ್ದೆವು. ಚನ್ನವೀರಪ್ಪ ಅಂಗಡಿ ಬಾಗಿಲು ಹಾಕಿ ತಾನೇ ಸೂಟು ತೊಟ್ಟು ಒಳಗೆ ಹೋದ. "ನನ್ನ ಹೆಂಡ್ತಿ ಉಸಿರಾಡೋ ಗೋಡೆ, ನಾನೇ ತೊಳೀತೀನಿ," ಅಂದ. ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಈಸೂರಿನಿಂದ ರುದ್ರೇಶನ ಹೆಂಡತಿ ಪಾರ್ವತಮ್ಮನಿಗೆ ಫೋನ್ ಮಾಡಿದ್ದಳು. ಅತ್ತಿಗೆ ಯಾವಾಗ ಮನೆಗೆ ಬರುತ್ತಾರೆ ಎಂದು ವಿಚಾರಿಸಿದ್ದಾಳೆ. ಪಾರ್ವತಮ್ಮ ಹಾಲಿನಲ್ಲಿ ಕೂತು ಉತ್ತರ ಕೊಟ್ಟದ್ದು ನನ್ನ ಕಿವಿಗೂ ಬಿತ್ತು. "ಎಲ್ಲಿ ಬರೋದಮ್ಮ, ರೂಮು ಸೀಲ್ ಮಾಡಿಬಿಟ್ಟಿದಾರೆ. ಅವಳು ಮನೆಯೊಳಗೆ ಕಾಲಿಡೋ ಹಾಗಿಲ್ವಂತೆ. ಅವಳ ಹಾಸಿಗೆ, ಸೀರೆ, ಎಲ್ಲ ಗೇಟಿಂದ ಆಚೆ ಹಾಕಿಸಿದಾರೆ." ಅಷ್ಟರಲ್ಲಿ ಹಾಲು ಉಕ್ಕಿತೆಂದು ಫೋನ್ ಇಟ್ಟು ಅಡುಗೆಮನೆಗೆ ಓಡಿದರು. ಬೂಷ್ಟು ಎಂಬ ಮಾತೇ ಬರಲಿಲ್ಲ.

ಅವರು ಹೇಳಿದ ಒಂದೊಂದು ಮಾತೂ ನಿಜ. ಆದರೆ ನಮ್ಮ ಕಡೆ ಹೆಂಗಸಿನ ಬಟ್ಟೆಗಂಟು ಗೇಟಿನಾಚೆ ಬಿತ್ತೆಂದರೆ ಅದಕ್ಕೆ ಇರುವುದು ಒಂದೇ ಅರ್ಥ, ಗಂಡನ ಮನೆಯವರು ಹೆಣ್ಣನ್ನು ಹೊರಗೆ ಹಾಕಿದ್ದಾರೆ. ಸೀಲ್ ಎಂದರೆ ಕೋರ್ಟಿನವರೋ ಬ್ಯಾಂಕಿನವರೋ ಬಾಗಿಲಿಗೆ ಅರಗು ಹಾಕುವುದು. ಸೀಕು ಹೆಂಗಸು, ಮಕ್ಕಳಿಲ್ಲ, ಗಂಡ ಇನ್ನೊಂದು ಮದುವೆಗೆ ಒಪ್ಪಿದ್ದಾನಂತೆ ಎಂದು ಊರಿನವರು ಆಡಿಕೊಳ್ಳುತ್ತಿದ್ದದ್ದು ರುದ್ರೇಶನ ಕಿವಿಯಲ್ಲಿ ಮೊದಲೇ ಇತ್ತು. ಅದರ ಮೇಲೆ ಎದುರು ಮನೆಯವರು ಯಾರೋ ಗೇಟಿನ ಮುಂದಿನ ಹಾಸಿಗೆಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಬಿಟ್ಟಿದ್ದರು. ಕವರಿನ ಸಂದಿಯಿಂದ ಆ ತವರಿನ ಕಂಬಳಿಯ ಅಂಚು ಕಾಣುತ್ತಿತ್ತಂತೆ.

ಹೆಂಡತಿಯಿಂದ ಇದನ್ನೆಲ್ಲ ಕೇಳಿದ ರುದ್ರೇಶ ಭಾವ ಚನ್ನವೀರಪ್ಪನಿಗೆ ಫೋನ್ ಮಾಡಿದ. ಫೋನ್ ಹಾಲಿನ ಟೀಪಾಯಿಯ ಮೇಲೆ ಸದ್ದಿಲ್ಲದೆ ಮಿನುಗುತ್ತಿತ್ತು, ಭಾವ ಪ್ಲಾಸ್ಟಿಕ್ಕಿನೊಳಗೆ ಗೋಡೆ ಒದ್ದೆ ಮಾಡುತ್ತಿದ್ದ. ಮತ್ತೆ ಮತ್ತೆ ಮಾಡಿದ. ಕೊನೆಗೆ ಶಿಕಾರಿಪುರಕ್ಕೆ, ಅಕ್ಕನಿಗೇ ಮಾಡಿದ. ರೂಮು ಸೀಲ್ ಮಾಡಿದ್ದು, ಬಟ್ಟೆ ಹೊರಗೆ ಹಾಕಿದ್ದು ನಿಜವಾ ಎಂದು ಕೇಳಿದರೆ ಅವಳು, "ನಂಗೇನೂ ಗೊತ್ತಿಲ್ವಲ್ಲೋ, ಏನೋ ಸಣ್ಣ ರಿಪೇರಿ ಅಂದಿದ್ರು," ಅಂದಳು. ಅವನಿಗೆ ಅಷ್ಟು ಸಾಕಾಯಿತು. "ನೀನು ಅಲ್ಲೇ ಇರು ಅಕ್ಕ. ನಿನ್ನ ಮನೆ ಬಾಗಿಲು ನಾನು ಒಡೆದು ಕೊಡ್ತೀನಿ," ಎಂದು ಫೋನ್ ಕಡಿದು ಬೈಕ್ ಹತ್ತಿದ. ತಮ್ಮನ ಸಿಟ್ಟು ಗೊತ್ತಿದ್ದ ಸುಮಂಗಲಾ ಮಾಸ್ಕ್ ಏರಿಸಿಕೊಂಡು ಒಂದು ಕಾರು ಹಿಡಿದು ಹಿಂದೆಯೇ ಹೊರಟಳು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ನಡು ಮಧ್ಯಾಹ್ನ. ನಾನು ಹಾಲಿನಲ್ಲಿ ಹಾಳೆಯ ಟೇಪು ಪರೀಕ್ಷಿಸುತ್ತಿದ್ದೆ. ಹಾಲೇಶ ಜಿಪ್ಪಿನ ಹತ್ತಿರ ನಿಂತು ಬಕೆಟ್ ಕೊಡುತ್ತಿದ್ದ. ಗೇಟು ಗೋಡೆಗೆ ಬಡಿದ ಸದ್ದು ಕೇಳಿತು. ತಿರುಗುವಷ್ಟರಲ್ಲಿ ರುದ್ರೇಶ ಒಳಗೇ ಬಂದಿದ್ದ, ಕೈಯಲ್ಲಿ ಪಿಕಾಸಿ. ಗಾರೆ ಕೀಳಲೆಂದು ನಾವೇ ಜಗಲಿಯಲ್ಲಿ ಇಟ್ಟಿದ್ದ ಪಿಕಾಸಿ ಅದು.

"ಯಾವನಲೇ ಸೀಲ್ ಮಾಡಿದ್ದು? ನಮ್ಮಕ್ಕನ ರೂಮಿಗೆ ಸೀಲ್ ಹಾಕಾಕೆ ಯಾವನಲೇ ಹೇಳ್ಯಾನೆ?"

ಕೂಗಿಗೆ ಪಾರ್ವತಮ್ಮ ದೇವರ ಕೋಣೆಯಿಂದ ಹೊರಬಂದವರು ಅಲ್ಲೇ ಗೋಡೆಗೆ ಅಂಟಿಕೊಂಡರು. ನಾನು ಎರಡೂ ಕೈ ಚಾಚಿ ಅಡ್ಡ ನಿಂತೆ. "ರುದ್ರೇಶ, ನಿಲ್ಲಪ್ಪ, ಅದು ಬೂಷ್ಟು! ನಿಮ್ಮಕ್ಕನಿಗೆ ಆಗೋದಿಲ್ಲ!"

ಎಂಥ ಹೊತ್ತಿನಲ್ಲಿ ಎಂಥ ಮಾತು ಬಾಯಿಗೆ ಬರುತ್ತದೆ ನೋಡಿ. ಅವನಿಗೆ ಕೇಳಿಸಿದ್ದು ಕೊನೆಯ ಎರಡು ಪದ ಮಾತ್ರ. "ನಮ್ಮಕ್ಕ ಆಗೋದಿಲ್ವಾ ನಿಮಗೆ? ಕಾಯಿಲೆ ಬಿದ್ದ ಮೇಲೆ ಆಗೋದಿಲ್ವಾ?" ಎನ್ನುತ್ತ ನನ್ನನ್ನು ಒಂದೇ ಕೈಯಲ್ಲಿ ಎಳೆದು ಎಸೆದ. ನಾನು ಟೀಪಾಯಿಯ ಮೇಲೆ ಬಿದ್ದೆ. ಗಾಜು ಒಡೆಯಿತು, ನನ್ನ ಎಡ ಮಣಿಕಟ್ಟು ಲಟಕ್ಕೆಂದಿತು. ಹಾಲೇಶ, "ಸಾರ್, ಸಾರ್, ಮಾಸ್ಕ್ ಇಲ್ದೆ ಒಳಗ ಹೋಗ್ಬ್ಯಾಡ್ರಿ," ಎಂದು ಜಿಪ್ಪಿಗೆ ಬೆನ್ನು ಕೊಟ್ಟು ನಿಂತ. ಪಿಕಾಸಿಯ ಹಿಡಿ ಅವನ ಹಣೆಗೆ ಬಿತ್ತು. ತೆಂಗಿನಕಾಯಿ ಒಡೆದ ಸದ್ದು. ಅವನು ಬಕೆಟ್ಟಿನ ಮೇಲೆ ಕುಸಿದ, ಬಿಳಿ ಸೂಟಿನ ಎದೆಯ ಮೇಲೆ ರಕ್ತ ಸುರಿಯಿತು.

ಆಮೇಲೆ ರುದ್ರೇಶ ಹಾಳೆಗೆ ಪಿಕಾಸಿ ಹಾಕಿ ಮೇಲಿಂದ ಕೆಳಗೆ ಎಳೆದ. ಒಳಮುಖವಾಗಿ ಎಳೆದುಕೊಂಡಿದ್ದ ಪ್ಲಾಸ್ಟಿಕ್ ಚರಚರನೆ ಸೀಳಿತು. ಒಳಗೆ ಬಿಳಿ ಸೂಟು, ಮಾಸ್ಕ್, ಕನ್ನಡಕದಲ್ಲಿ ಒಬ್ಬ ನಿಂತಿದ್ದ. ಅದು ತನ್ನ ಭಾವನೆಂದು ರುದ್ರೇಶನಿಗೆ ತಿಳಿಯಲಿಲ್ಲ. ಜಪ್ತಿಗೆ ಬಂದ ಯಾವನೋ ಎಂದುಕೊಂಡು ಕಾಲೆತ್ತಿ ಎದೆಗೇ ಒದ್ದ. ಚನ್ನವೀರಪ್ಪ ಹಿಂದಕ್ಕೆ ಹಾರಿ ಕಿಟಕಿಗೆ ಬಡಿದುಕೊಂಡ. ಎಕ್ಸಾಸ್ಟ್ ಫ್ಯಾನ್ ಕಿತ್ತು ನೆಲಕ್ಕೆ ಬಿದ್ದು, ವೈರಿನಿಂದ ಕಿಡಿ ಹಾರಿ, ನಿಂತುಹೋಯಿತು. ಈಗ ಗಾಳಿ ಎಳೆಯುವುದಕ್ಕೆ ಏನೂ ಇರಲಿಲ್ಲ. ರುದ್ರೇಶ ಪಿಕಾಸಿ ಎತ್ತಿ ವಾರ್ಡ್‌ರೋಬಿನ ಹಿಂಬದಿಗೆ ಬೀಸಿದ, ನಾವಿನ್ನೂ ಒದ್ದೆ ಮಾಡದ ಅರ್ಧ ಭಾಗಕ್ಕೆ. ಮತ್ತೆ ಬೀಸಿದ. "ಇದೇನಾ ನಿಮ್ಮ ಸೀಲು? ಇದೇನಾ?" ಒಂದೊಂದು ಏಟಿಗೂ ಕೊಳೆತ ಹಲಗೆಯಿಂದ ಕಪ್ಪು ಧೂಳು ಭುಸ್ಸೆಂದು ಏಳುತ್ತಿತ್ತು. ಕೋಣೆ ತುಂಬಿ, ಸೀಳಿದ ಹಾಳೆಯಿಂದ ಹಾಲಿಗೆ ಬಂತು.

ನಾನು ಕಿರುಚುತ್ತಲೇ ಇದ್ದೆ. ಯಾರಿಗೂ ಕೇಳಿಸುತ್ತಿರಲಿಲ್ಲ. ಚನ್ನವೀರಪ್ಪ ಎದ್ದ. ಮಾಸ್ಕ್ ಕಿತ್ತೆಸೆದ. ಆ ಮೆತ್ತನೆ ಮನುಷ್ಯನ ಮುಖ ನಾನು ಹಾಗೆ ನೋಡಿರಲಿಲ್ಲ. ಅಷ್ಟು ದಿನ ಹೆಂಡತಿಗಾಗಿ ಹಿಡಿದಿಟ್ಟಿದ್ದ ಭಯವೆಲ್ಲ ಒಮ್ಮೆಗೇ ಸಿಟ್ಟಾಗಿ ಹೊರಬಂತು. "ಅವಳನ್ನ ಕೊಲ್ತೀಯೇನೋ ಬೋಳಿಮಗನೇ!" ಎಂದು ಹಿಂದಿನಿಂದ ಕುತ್ತಿಗೆ ಹಿಡಿದು ರುದ್ರೇಶನನ್ನು ನೆಲಕ್ಕೆ ಕೆಡವಿದ. ಪಿಕಾಸಿ ಜಾರಿ ಟೈಲ್ಸ್ ಸೀಳಿತು. ಭಾವನ ದನಿ ಗುರುತು ಸಿಕ್ಕಿ ರುದ್ರೇಶ ಒಂದು ಗಳಿಗೆ ಕಣ್ಣರಳಿಸಿದ್ದು ನನಗೆ ಕಂಡಿತು. ಅಷ್ಟರಲ್ಲಿ ಚನ್ನವೀರಪ್ಪನ ಮೊದಲ ಒದೆತ ಅವನ ಬಲ ಪಕ್ಕೆಯ ಕೆಳಗೆ ಬಿದ್ದಿತ್ತು. ರುದ್ರೇಶ ಹುಳದಂತೆ ಸುತ್ತಿಕೊಂಡ. ಎರಡನೆಯದೂ ಅಲ್ಲಿಗೇ ಬಿತ್ತು.

ಅದೇ ಹೊತ್ತಿಗೆ ಸುಮಂಗಲಾ ಬಾಗಿಲಿಗೆ ಬಂದಳು. "ಬರಬೇಡ! ಒಳಗೆ ಬರಬೇಡ!" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಗಂಡನ ಕಾಲು ಮೂರನೇ ಸಲ ಮೇಲೆ ಹೋದದ್ದನ್ನು, ತಮ್ಮ ಬಲಪಕ್ಕೆ ಹಿಡಿದು ಬಿದ್ದಿರುವುದನ್ನು ನೋಡಿದಳು.

"ರೀ! ಅವನಿಗೆ ಇರೋದು ಅದೊಂದೇ ಕಣ್ರೀ!"

ಹಾಲ್ ದಾಟಿ, ಸೀಳಿದ ಪ್ಲಾಸ್ಟಿಕ್ ದಾಟಿ, ಆ ಕಪ್ಪು ಧೂಳಿನೊಳಕ್ಕೆ ಓಡಿ ತಮ್ಮನ ಮೇಲೆ ಅಡ್ಡಬಿದ್ದಳು. ಬೀಳುವಾಗ ಮಾಸ್ಕ್ ಗದ್ದಕ್ಕೆ ಜಾರಿತು. ಎತ್ತಿದ ಕಾಲು ಹಾಗೆಯೇ ನಿಂತಿತು. ಚನ್ನವೀರಪ್ಪ ಅದನ್ನು ನಿಧಾನ ಕೆಳಗಿಟ್ಟು, ಹೆಂಡತಿಯನ್ನೂ ಗಾಳಿಯನ್ನೂ ನೋಡಿದ. ಅವಳ ಕೂದಲ ಮೇಲೆ, ರೆಪ್ಪೆಯ ಮೇಲೆ ಧೂಳು ಇಳಿಯುತ್ತಿತ್ತು. ಅವಳು ಉಸಿರೆಳೆದುಕೊಂಡು ಕೆಮ್ಮಿದಳು.

ನಾನು ಅವಳ ರಟ್ಟೆ ಹಿಡಿದು ದರದರನೆ ಎಳೆದುಕೊಂಡು ಅಂಗಳಕ್ಕೆ ತಂದೆ. ಮರ್ಯಾದೆ ನೋಡುವ ಹೊತ್ತಲ್ಲ. ನಲ್ಲಿಯ ಕೆಳಗೆ ಕೂರಿಸಿ ತಲೆಯ ಮೇಲೆ ನೀರು ಬಿಟ್ಟು ಮೂಗು, ಬಾಯಿ ತೊಳೆಸಿದೆ. ಉಟ್ಟ ಸೀರೆ ಕಳಚಬೇಕಿತ್ತು. ರಸ್ತೆಯಲ್ಲಿ ಆಗಲೇ ಜನ ಸೇರಿದ್ದರು. ಪಾರ್ವತಮ್ಮ ಓಡಿ ಬಂದು ತಮ್ಮ ಹೊದಿಕೆ ಅಡ್ಡ ಹಿಡಿದರು, ತಮ್ಮ ಪೆಟ್ಟಿಗೆಯಿಂದ ಸೀರೆ ತಂದು ಸೊಸೆಗೆ ಉಡಿಸಿದರು. ಉಡಿಸುತ್ತ, ಜನರ ಕಡೆ ತಿರುಗಿ, "ಏನ್ ನೋಡ್ತೀರ್ರೀ? ನನ್ನ ಸೊಸೆ ಅವಳು, ಹೋಗಿ!" ಎಂದು ಗದರಿದರು.

ಸುಮಂಗಲಾ ಬಂದ ಕಾರಿನಲ್ಲೇ ನಾವೆಲ್ಲ ಹೊರಟೆವು. ಮುಂದೆ ಹಾಲೇಶ, ತಲೆಗೆ ಟವೆಲ್ ಕಟ್ಟಿಕೊಂಡು. ಹಿಂದೆ ಸುಮಂಗಲಾ, ನಡುವೆ ನಾನು, ಆಚೆ ಧೂಳಿನ ಅಂಗಿ ಕಳಚಿಸಿ ಕೂರಿಸಿದ್ದ ರುದ್ರೇಶ. ಚನ್ನವೀರಪ್ಪ ಅದೇ ಸೂಟಿನಲ್ಲಿ ಬೈಕ್ ಹತ್ತಿ ಹಿಂಬಾಲಿಸಿದ. ರುದ್ರೇಶನಿಗೆ ಏನು ನಡೆಯಿತೆಂದು ಹೇಳಿದ್ದು ನಾನೇ, ದಾರಿಯಲ್ಲಿ, ಒಂದೊಂದು ಪದ ಬಿಡಿಸಿ. ಬೂಷ್ಟು ಎಂದರೇನು, ಹಾಸಿಗೆ ಯಾಕೆ ಹೊರಗೆ ಹಾಕಿದೆವು, ಪ್ಲಾಸ್ಟಿಕ್ಕಿನೊಳಗೆ ಯಾರಿದ್ದರು. ಅವನು ಕೇಳುತ್ತ ಕೇಳುತ್ತ ತನ್ನ ಕಪ್ಪಾದ ಅಂಗೈ ನೋಡಿಕೊಂಡ. "ಅಕ್ಕಾ, ಇದು ನಿನ್ನೊಳಗೆ ಹೋಗೈತೇನೇ?" ಎಂದ. ಅವಳು ನಾನು ಕೊಟ್ಟ ಹೊಸ ಮಾಸ್ಕಿನ ಹಿಂದಿನಿಂದ, "ಮಾತಾಡಬೇಡ. ಸೊಂಟ ಗಟ್ಟಿ ಹಿಡ್ಕೊಂಡು ಕೂತ್ಕೋ," ಅಂದಳು. ದಾರಿಯಲ್ಲಿ ಮೂತ್ರಕ್ಕೆಂದು ಇಳಿದವನು ಬಿಳಿಚಿಕೊಂಡು ವಾಪಸು ಬಂದ. ರಕ್ತ ಹೋಗುತ್ತಿತ್ತು.

ಹಾಲೇಶನ ಹಣೆಗೆ ಹತ್ತಿರದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿ, ಅಕ್ಕ ತಮ್ಮ ಇಬ್ಬರನ್ನೂ ನಮ್ಮ ಆಸ್ಪತ್ರೆಗೆ ಸೇರಿಸಿದೆ. ನನ್ನ ಮಣಿಕಟ್ಟಿಗೂ ಪ್ಲಾಸ್ಟರ್ ಬಿತ್ತು. ರುದ್ರೇಶನ ಉಳಿದಿದ್ದ ಕಿಡ್ನಿಯ ಒಂದು ಅಂಚು ಜಜ್ಜಿತ್ತು, ಆದರೆ ಸೀಳಿರಲಿಲ್ಲ. ಅಲ್ಲಾಡದೆ ಮಲಗಿದ್ದರೆ ತಾನೇ ಮಾಯುತ್ತದೆ ಎಂದರು ವೈದ್ಯರು. ಅವನದು ಅಲ್ಲಿಗೆ ತಿಳಿಯಾಯಿತು. ಸುಮಂಗಲಾಳದು ಕಾಯುವ ಕಷ್ಟ. ಬೂಷ್ಟು ಒಳಗೆ ಹೋದ ದಿನವೇ ಏನೂ ತೋರಿಸುವುದಿಲ್ಲ. ಕೆಲವು ದಿನ ಚೆನ್ನಾಗೇ ಇದ್ದಳು, ಆಮೇಲೆ ಜ್ವರ ಬಂತು. ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದಲ್ಲಿ ಒಂದು ಮಚ್ಚೆ. ಅದಕ್ಕೆ ಕೊಡುವ ಔಷಧಿಗೂ ಕಿಡ್ನಿ ಉಳಿಸಲು ಕೊಡುವ ಮಾತ್ರೆಗೂ ಆಗಿಬರುವುದಿಲ್ಲ. ಶಿಲೀಂಧ್ರದ ಔಷಧಿ ಸೇರಿದರೆ ಆ ಮಾತ್ರೆಯ ಪ್ರಮಾಣ ರಕ್ತದಲ್ಲಿ ಏರಿ ಕಿಡ್ನಿಯನ್ನೇ ಸುಡುತ್ತದೆ. ಮಾತ್ರೆ ಇಳಿಸಿದರೆ ದೇಹ ಕಿಡ್ನಿಯ ಮೇಲೆ ತಿರುಗಿ ಬೀಳುತ್ತದೆ. ಶ್ವಾಸಕೋಶ ಉಳಿಸಲು ಹೋದರೆ ತಮ್ಮ ಕೊಟ್ಟದ್ದು ಹೋಗುವ ಹಾಗಿತ್ತು. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯ ಫಲಿತಾಂಶಕ್ಕಾಗಿ ರುದ್ರೇಶ, ಎದ್ದು ಓಡಾಡುವಂತಾದ ಮೇಲೆ, ಪ್ರತಿದಿನ ಲ್ಯಾಬಿನ ಬಾಗಿಲಲ್ಲಿ ಕೂರುತ್ತಿದ್ದ. ಅದರ ಅಂಕಿ ಏರಿದರೆ ಕಿಡ್ನಿ ಸೋಲುತ್ತಿದೆ ಎಂದರ್ಥ, ಹಾಗೆ ಏರಿದ ದಿನ ಅಲ್ಲಿನ ಗೋಡೆಗೆ ತಲೆ ಚಚ್ಚಿಕೊಂಡ. ವಾರ್ಡ್‌ಬಾಯ್ ಹಿಡಿದು ನಿಲ್ಲಿಸಬೇಕಾಯಿತು.

ಪೊಲೀಸರು ಬಂದರು. ಹೊಡೆದಾಟದ ಗಾಯವಾದ್ದರಿಂದ ಆಸ್ಪತ್ರೆ ತಿಳಿಸಲೇಬೇಕು. ಸಬ್‌ಇನ್‌ಸ್ಪೆಕ್ಟರ್ ಸುಮಂಗಲಾಳನ್ನು, ತಮ್ಮನ ಮೇಲೆ ದೂರು ಕೊಡುತ್ತೀರಾ, ಇಲ್ಲ ತಮ್ಮನಿಗೆ ಒದ್ದ ಗಂಡನ ಮೇಲೋ ಎಂದು ಕೇಳಿದರು. ಅವಳು ತಮ್ಮನ ಕಿಡ್ನಿ ಕೂರಿಸಿದ್ದ ಹೊಟ್ಟೆಯ ಬಲಭಾಗದ ಮೇಲೆ ಕೈಯಿಟ್ಟು, "ಅವನ ಮೇಲೆ ಬರೆದ್ರೆ ಅರ್ಧ ನನ್ನ ಮೇಲೇ ಬರ್ಕೊಂಡ ಹಾಗೆ ಸಾರ್. ಇವರ ಮೇಲೆ ಬರೆದ್ರೆ ಉಳಿದರ್ಧ," ಅಂದಳು. ಕಣ್ಣಲ್ಲಿ ನೀರು ತಂದುಕೊಂಡವರು ಅಲ್ಲಿ ನಾವು ಹಲವರಿದ್ದೆವು.

ಹಾಲೇಶ ಮಾತ್ರ ಕರಗಲಿಲ್ಲ. "ಅಕ್ಕನ ಮ್ಯಾಲೆ ಪ್ರೀತಿ ಇದ್ರೆ ಅಕ್ಕನ್ನ ಅಪ್ಕೋಬೇಕಿತ್ತು ಸಿಸ್ಟರ್, ನನ್ನ ತಲೆ ಯಾಕೆ ಒಡೀಬೇಕು? ನಾನು ದೂರು ಕೊಡಾವನೇ," ಅಂದ. ಸರಿಯಾಗೇ ಅಂದ. ಅವನ ದೂರಿಗೆ ನಾನೇ ಸಾಕ್ಷಿ ಹಾಕಿದೆ. ರುದ್ರೇಶನ ಕಡೆಯವರು ನನ್ನ ಮನೆಗೆ ಬಂದು, "ನೀವೂ ಹಿಂಗ್ ಮಾಡಿದ್ರೆ ಹೆಂಗೆ ಸಿಸ್ಟರ್, ಎಲ್ಲ ಮನೆಯೊಳಗಿನ ಮಾತು," ಅಂದರು. ಹಾಲೇಶನ ಹಣೆ ನಿಮ್ಮ ಮನೆಯೊಳಗಿನದಲ್ಲ ಎಂದು ಹೇಳಿ ಕಳಿಸಿದೆ. ರುದ್ರೇಶ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ. ಅವನ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೂ ಆ ಪಿಕಾಸಿಯ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ, ಇಳಿಯಬೇಕೆಂದು ನನಗೇನೂ ಅನಿಸಿಲ್ಲ.

ಮಚ್ಚೆ ಕರಗಲು ತಿಂಗಳುಗಳೇ ಹಿಡಿದವು. ಕಿಡ್ನಿ ಉಳಿಯಿತು, ಮೊದಲಿನಷ್ಟು ಚುರುಕಾಗಿ ಅಲ್ಲ. ಆ ಕೋಣೆಯನ್ನು ಮತ್ತೆ ಸೀಲ್ ಮಾಡಿ, ವಾರ್ಡ್‌ರೋಬ್ ಕಿತ್ತು ತೆಗೆದು, ಗಾರೆ ಉದುರಿಸಿ, ಪೈಪು ಬದಲಿಸಿದೆವು. ಈ ಸಲ ಹಾಲ್, ಅಡುಗೆಮನೆ ಎಲ್ಲವನ್ನೂ ಒರೆಸಬೇಕಾಯಿತು. ಸುಮಂಗಲಾ ಮನೆಗೆ ಬಂದ ದಿನ ನಾನೂ ಇದ್ದೆ. ಎಲ್ಲರೂ ಒಳಗೆ ಹೋದರು, ರುದ್ರೇಶ ಮಾತ್ರ ಗೇಟಿನಾಚೆಯೇ ನಿಂತುಬಿಟ್ಟ. ಚನ್ನವೀರಪ್ಪ ಹೊರಗೆ ಹೋಗಿ ಅವನ ಮುಂದೆ ನಿಂತ. ರುದ್ರೇಶ, "ಭಾವ, ಒಳಗೆ ಬರಬಹುದಾ? ನನ್ನ ಬಟ್ಟೇಲಿ ಧೂಳು ಗೀಳು ಇದ್ರೆ ಇಲ್ಲೇ ಇರ್ತೀನಿ," ಎಂದ. ಚನ್ನವೀರಪ್ಪ ಅವನ ಬಲಪಕ್ಕೆಗೆ ತಾಗದಂತೆ ಎಡಗಡೆಯಿಂದ ತೋಳು ಹಾಕಿ ಒಳಗೆ ಕರೆತಂದ.

ಆಮೇಲೆ ನಿವೃತ್ತಿಯಾಗುವವರೆಗೆ ನಾನು ಹಲವು ಮನೆಗಳಲ್ಲಿ ಬೂಷ್ಟು ತೆಗೆಸಿದೆ. ಮನೆಗೆ ಹೋದ ಕೂಡಲೇ ನಾನು ಕೇಳುವ ಮೊದಲ ಪ್ರಶ್ನೆ ಬದಲಾಯಿತು. ಪೈಪು ಎಲ್ಲಿ ಸೋರುತ್ತಿದೆ ಎಂದಲ್ಲ, ಸೊಸೆಯ ತವರು ಯಾವ ಊರು ಎಂದು. ತವರಿನವರನ್ನು ಕರೆಸಿ, ಬಾಗಿಲು ತೆರೆದು ಆ ಬೂಷ್ಟನ್ನು ಅವರ ಕಣ್ಣಿಗೆ ತೋರಿಸಿ, ಯಾವ ಬಟ್ಟೆ ಹೊರಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಎಂದು ರೋಗಿಗೂ ಅವರಿಗೂ ಒಟ್ಟಿಗೆ ಹೇಳಿದ ಮೇಲೆಯೇ ಬಾಗಿಲಿಗೆ ಟೇಪು ಹಚ್ಚಿಸುತ್ತಿದ್ದೆ. ನಮ್ಮ ವಿಭಾಗದ ಡಾಕ್ಟರು ಒಮ್ಮೆ ನಗುತ್ತ, "ಸಿಸ್ಟರ್, ತವರಿಗೂ ಸೋಂಕು ನಿಯಂತ್ರಣಕ್ಕೂ ಏನ್ರೀ ಸಂಬಂಧ?" ಎಂದು ಕೇಳಿದರು. ಹೆಣ್ಣುಮಗಳ ಬಾಗಿಲು ಮುಚ್ಚಿದರೆ ಮೊದಲು ಓಡಿ ಬರುವವರು ಅವರೇ ಸಾರ್, ಪಿಕಾಸಿ ಹಿಡಿದು ಬರುವ ಮೊದಲು ನಾವೇ ಕರೆದುಬಿಡುವುದು ವಾಸಿ, ಅಂದೆ.